ಗ್ವಾಡಿ ಮ್ಯಾಲಿನ ಗೀಟು

ಬೆಟಗೇರಿ ಬಸ್‌ಸ್ಟ್ಯಾಂಡಿನ ಎದುರಿಗೆ ನನ್ನ ಅಂಗಡಿ,
ಎರಡು ಕುರ್ಚಿ, ಮೂರು ಕನ್ನಡಿ.
ಒಂದರಾಗ ಗಿರಾಕಿ, ಒಂದರಾಗ ಬೀದಿ,
ಮೂರನೇದರಾಗ ನಾನು,
ಬಲಗೈ ಎದಿಮಟ ಏರಿ ಅಲ್ಲೇ ನಿಂತಾಂವ.

ಹುಬ್ಬಳ್ಳಿಯೊಳಗ ಆಪರೇಷನ್ ಆಗಿ ಹನ್ನೊಂದು ತಿಂಗಳು.
ಮೂರು ತೂತು, ಎರಡು ಮೊಳಿ.
ಹರಿದದ್ದು ಹೊಲಿದೇವಿ ಅಂದ್ರು,
ಆರು ತಿಂಗಳಿಗೆ ಎತ್ತತೀರಿ ಅಂದ್ರು.
ಎತ್ತಲಿಲ್ಲ.
ರಾತ್ರಿ ಬಲಮಗ್ಗಲಿಗೆ ಹೊಳ್ಳಿದ್ರ
ಯಾರೋ ಕತ್ತರಿ ಒಳಗಿಟ್ಟು ಮರತಂಗ.

ಊರ ಮಂದಿ ತಲಿ ಬಾಚಿದ ಕೈ
ನನ್ನ ತಲಿಗೆ ಬರವಲ್ದು.
ಮುಂಜಾನೆ ಕಸ್ತೂರೆವ್ವ ಬಾಚತಾಳ,
ಬೈತಲಿ ತಪ್ಪು ಬದಿಗೆ ತಗೀತಾಳ.
ಸುಮ್ಮನ ಕುಂತಿರತೀನಿ.

ಕುರ್ಚಿಗೆ ಕುಂತ ಪ್ರತಿ ಗದ್ದಕ್ಕೂ ಒಂದು ಔಷಧ ಗೊತ್ತು.
ನೊರಿಯೊಳಗಿಂದ ಬಾಯಿ ತಗದು
ಗುರುಪಾದಪ್ಪ ಮಾಸ್ತರ ಅಂತಾರ: ಎಕ್ಕಿ ಎಲಿ, ಬಿಸಿ ಇಟ್ಟಿಗಿ.
ದಾವಲಸಾಬರು: ಲಕ್ಷ್ಮೇಶ್ವರದ ಹಾದಿಯಾಗ ಎಲುವು ಕೂಡಸಾಂವ ಅದಾನ,
ಬುಧವಾರ ಬಿಟ್ಟು ಹೋಗು.
ಅದನ್ನ ಮೊದಲ ಮಾಡಸಬಾರದಿತ್ತು, ಅಂತಾನ ಮತ್ತೊಬ್ಬ.
ಬ್ಲೇಡು ನನ್ನ ಎಡಗೈಯಾಗ ಅದ ಅನ್ನೂದು ಮರತು
ಎಷ್ಟು ಧೈರ್ಯಲೇ ಮಾತಾಡತಾರ!

ಮತ್ತ ಹ್ವಾದೆ.
ಅಣ್ಣಿಗೇರಿತನ ನಿಂತಗೊಂಡು, ಎಡಗೈಲೆ ಕಂಬಿ ಹಿಡದು.
ಹೊಲಿದ ಡಾಕ್ಟರು ಫಿಲ್ಮು ಬೆಳಕಿಗೆ ಹಿಡದು ನೋಡಿ
'ನಮ್ಮ ಕೆಲಸ ಛಲೋ ಆಗೇತಿ' ಅಂದ್ರು.
ನಾನೂ ಹಂಗ ಅಂತೀನಿ,
ಗಿರಾಕಿ ಕನ್ನಡಿ ನೋಡಿ ಮಾರಿ ಸಣ್ಣ ಮಾಡಿದಾಗ.

ವಿದ್ಯಾನಗರದಾಗ ಇನ್ನೊಬ್ಬಾಕಿ, ಡಾಕ್ಟರ್ ಕುಬಸದ,
ಲಕೋಟಿ ಹಿಂದ ಪೆನ್ಸಿಲ್ಲಿಲೆ ಗೀಚಿ ಹೇಳಿದ್ರು.
ಮತ್ತ ಬಿಚ್ಚಿ ಹೊಲೀಬಹುದು,
ಅರಿವಿ ಜೀರ್ಣಾಗೇತಿ, ದಾರ ಹಿಡಿಯೂದು ಅನುಮಾನ.
ಇಂಜೆಕ್ಷನ್ ಕೊಡಬಹುದು, ಎರಡು ತಿಂಗಳು ನಿದ್ದಿ;
ನಿಮಗ ಸಕ್ಕರಿ ಐತಿ, ಏರತೈತಿ.
ಕೀಲ ಬದಲಿಸಬಹುದು,
ಗುಂಡು ಇದ್ದಲ್ಲಿ ಬಟ್ಟಲ, ಬಟ್ಟಲ ಇದ್ದಲ್ಲಿ ಗುಂಡು,
ಐವತ್ತಾರಕ್ಕ ಅವಸರ ಆಗತೈತಿ.
ಏನೂ ಮಾಡದ ಇರಬಹುದು.
ಅದೂ ಒಂದು ಚಿಕಿತ್ಸಿನ, ಅಂದ್ರು.

ಚಪ್ಪಲಿ ಮೆಟ್ಟಾಕ ಎದ್ದಾಂವನ್ನ ಕರದು ಕೇಳಿದ್ರು:
ಬೆರಳು ಜುಮ್ ಅಂತಾವೇನು? ಕುತ್ತಿಗಿ ಹೊಳ್ಳಸ್ರಿ.
ಹೊಳ್ಳಸಿದೆ.
ಹೆಬ್ಬೆರಳಿನತನ ಮಿಂಚು ಇಳೀತು.

ಮೂವತ್ತೆಂಟು ವರ್ಷ ಮಂದಿ ಕುತ್ತಿಗಿ ನೋಡಿದಾಂವ,
ಹಿಂದಿನ ಕೂದಲದ ಗೆರಿ ನೆಟ್ಟಗ ಮಾಡಾಕ
ಬಗ್ಗಿ, ಬಗ್ಗಿ, ಬಗ್ಗಿ,
ನನ್ನ ಕುತ್ತಿಗಿ ಯಾರಿಗೂ ತೋರಿಸಿರಲಿಲ್ಲ.
ಕೇಳಿದವರೂ ಇರಲಿಲ್ಲ.

ಪೂರಾ ಅಲ್ಲಿಂದಲ್ಲ, ಅಂದ್ರು.
ಅರ್ಧ ಕುತ್ತಿಗಿದು, ಅರ್ಧ ಹೆಗಲಿಂದು;
ಬಾಂದ ಹಾಕಿ ಪಾಲು ಮಾಡಾಕ ಬರೂದಿಲ್ಲ.

ಈಗ ತಬಸ್ಸುಮಬಾಯಿ ಹೇಳಿದಂಗ
ಮೂರನೇ ಕನ್ನಡಿ ಬಾಜೂಕ, ಸುಣ್ಣದ ಗ್ವಾಡಿ ಮ್ಯಾಲೆ
ಬೆರಳು ಹತ್ತಿಸ್ತೀನಿ, ಜ್ಯಾಡದಂಗ.
ಎಲ್ಲಿ ನಿಂದರತಾವೋ ಅಲ್ಲಿ ಒಂದು ಗೀಟು,
ಪ್ರತಿ ಮಂಗಳವಾರ, ಅಂಗಡಿ ಬಾಗಲ ಹಾಕ್ಕೊಂಡು.
ಒಂದು ವಾರದ ಗೀಟು ಹಿಂದಿನದಕ್ಕಿಂತ ಕೆಳಗ ಬಿತ್ತು.
ಅದನ್ನೂ ಎಳದೆ.

ವೆಲ್ಡಿಂಗ್ ಇರ್ಫಾನನ ಕರಸಿ
ಎರಡೂ ಕುರ್ಚಿ ಕಾಲು ನಾಲ್ಕು ಬೆರಳು ಕೊಯ್ಸಿದೆ.
ನನ್ನ ಹೆಗಲ ಏರದಿದ್ರ
ಊರ ತಲಿ ಇಳೀಲಿ.
ಮಾಸ್ತರ ಬೈತಾರ, ಮೊಣಕಾಲು ಗದ್ದಕ್ಕ ಹತ್ತತಾವಂತ.

ನಿನ್ನೆ ಒಂದು ಹುಡುಗ, ಅವರಪ್ಪನ ಪಾಳಿ ಕಾಯಕೋತ,
ಗೀಟಿಗೆ ಬೆನ್ನು ಹಚ್ಚಿ ನಿಂತು ಕೇಳಿದ:
ಇಲ್ಲಿ ಯಾರು ಬೆಳ್ಯಾಕತ್ತಾರ?
ಕತ್ತರಿ ಸಪ್ಪಳದಾಗ ಕೇಳಿಲ್ಲದಂಗ ಮಾಡಿದೆ.

ಕೈ ಈಗ ಕಿವಿತನ ಬರತೈತಿ.
ನೆತ್ತಿ ಇನ್ನೂ ದೂರ.
ಕಸ್ತೂರೆವ್ವಗ ಹೇಳಿಲ್ಲ.
ಇರಲಿ ಇನ್ನೊಂದಿಷ್ಟು ದಿನ
ಬೈತಲಿ ತಪ್ಪು ಬದಿಗೇನ.